ಕೃತಕ ಪಾದ ಮತ್ತು ‘ಮೊದಲಿನಂತೆಯೇ’ ಎಂಬ ಮಾತು

ಮಾನ್ಯ ಸಂಪಾದಕರೆ,

ಕೃತಕ ಕಾಲುಗಳನ್ನು ಕುರಿತು ನಿಮ್ಮ ಪತ್ರಿಕೆಯಲ್ಲಿ ಈಚೆಗೆ ಬಂದ ಚಿತ್ರಲೇಖನವನ್ನು ಎರಡು ಸಲ ಓದಿದೆ. ಮಂಡಿಯ ಕೆಳಗೆ ಕಾಲು ಕಳೆದುಕೊಂಡ ಯುವಕನೊಬ್ಬ ಹೊಸ ಪಾದ ತೊಟ್ಟು ಸಮತಟ್ಟಾದ ನೆಲದ ಮೇಲೆ ನಡೆಯುತ್ತಿರುವ ಚಿತ್ರ, ಅದರ ಅಡಿಯಲ್ಲಿ ‘ಈಗ ಮೊದಲಿನಂತೆಯೇ ನಡೆಯುತ್ತಾರೆ’ ಎಂಬ ಒಂದು ಸಾಲು. ಲೇಖನದ ಉದ್ದೇಶ ಒಳ್ಳೆಯದೇ; ಬರೆದವರ ಮೇಲೆ ನನಗೆ ಯಾವ ಮುನಿಸೂ ಇಲ್ಲ. ಆದರೆ ಎಡಗಾಲನ್ನು ಮಂಡಿಯಿಂದ ಒಂದು ಗೇಣು ಕೆಳಗೆ ಕಳೆದುಕೊಂಡು 11 ವರ್ಷಗಳಿಂದ ಕೃತಕ ಪಾದದ ಮೇಲೆ ಓಡಾಡುತ್ತಿರುವ ನನಗೆ ಆ ‘ಮೊದಲಿನಂತೆಯೇ’ ಎಂಬ ಪದವನ್ನು ದಾಟಿ ಮುಂದಕ್ಕೆ ಹೋಗಲು ಆಗಲಿಲ್ಲ.

ಇಷ್ಟು ಸಣ್ಣ ಪದಕ್ಕೆ ಇಷ್ಟೇಕೆ ಎಂದು ನಿಮಗೆ ಅನ್ನಿಸಬಹುದು. ಕಾಲು ಕಳೆದುಕೊಂಡವರ ಮನೆಯಲ್ಲಿ ಆ ಪದ ಮಾಡುವ ಕೆಲಸವೇ ಬೇರೆ. ಪಾದ ಬಂದು ಆರು ತಿಂಗಳಾದರೂ ಕುಂಟು ಹೋಗದಿದ್ದರೆ, ‘ಪೇಪರಿನಲ್ಲಿ ಬಂದವರು ಚೆನ್ನಾಗಿಯೇ ನಡೆಯುತ್ತಾರಲ್ಲ’ ಎಂಬ ಮಾತು ಯಾರ ಬಾಯಿಂದಲೂ ಬರದೆ ಹೋದರೂ ನೋಟದಲ್ಲಿ ಕಾಣಿಸುತ್ತದೆ. ಕೊರತೆ ತೊಟ್ಟವರ ಪ್ರಯತ್ನದಲ್ಲಿದೆ ಎಂದು ಮನೆಯವರು ಮೊದಲು ನಂಬುತ್ತಾರೆ, ಸ್ವಲ್ಪ ದಿನಗಳಲ್ಲಿ ತೊಟ್ಟವರೂ ನಂಬತೊಡಗುತ್ತಾರೆ. ಕೃತಕ ಪಾದದ ಮೇಲೆ ನಡೆಯುವಾಗ ದೇಹ ಏನೇನು ಮಾಡುತ್ತದೆ ಎಂಬುದು ತಿಳಿದಿದ್ದರೆ ಈ ನಂಬಿಕೆ ಹುಟ್ಟುವುದಿಲ್ಲ ಎಂಬ ಕಾರಣಕ್ಕೆ ಈ ಪತ್ರವನ್ನು ತುಸು ದೀರ್ಘವಾಗಿ ಬರೆಯುತ್ತಿದ್ದೇನೆ.

ಎರಡೂ ಕಾಲಿರುವವರ ನಡಿಗೆಯಿಂದಲೇ ಆರಂಭಿಸಬೇಕು. ಒಂದು ಕಾಲು ನೆಲಕ್ಕೆ ತಾಗಿದ ಕ್ಷಣದಿಂದ ಅದೇ ಕಾಲು ಮತ್ತೆ ನೆಲಕ್ಕೆ ತಾಗುವವರೆಗಿನ ಹೊತ್ತನ್ನು ನೂರು ಪಾಲು ಮಾಡಿದರೆ, ಸುಮಾರು 60 ಪಾಲು ಆ ಕಾಲು ನೆಲದ ಮೇಲಿರುತ್ತದೆ, ಉಳಿದ 40 ಪಾಲು ಗಾಳಿಯಲ್ಲಿ ಮುಂದಕ್ಕೆ ಬೀಸುತ್ತಿರುತ್ತದೆ. ನೆಲದ ಮೇಲಿರುವಾಗ ಮೊದಲು ಹಿಮ್ಮಡಿ ತಾಗುತ್ತದೆ. ಅಂಗಾಲು ಮೆಲ್ಲನೆ ಇಳಿದು ಕೂರುತ್ತದೆ. ಪಾದದ ಕೀಲು ಮಡಿಚಿಕೊಂಡು ಕೆಳಗಾಲು ಅದರ ಮೇಲೆ ಮುಂದಕ್ಕೆ ವಾಲುತ್ತದೆ. ಕೊನೆಯಲ್ಲಿ ಮೀನಖಂಡದ ಸ್ನಾಯುಗಳು ಹಿಮ್ಮಡಿಯನ್ನು ಮೇಲಕ್ಕೆಳೆದು, ಬೆರಳುಗಳ ಬುಡದಿಂದ ನೆಲವನ್ನು ಹಿಂದಕ್ಕೆ ಒದೆಯುತ್ತವೆ. ಇಡೀ ಹೆಜ್ಜೆಯಲ್ಲಿ ಅತಿ ಹೆಚ್ಚು ಶಕ್ತಿ ಹೊಮ್ಮುವ ಗಳಿಗೆ ಈ ಒದೆತದ್ದೇ. ಕಾಲಿರುವವರಿಗೆ ಇದು ಗಮನಕ್ಕೇ ಬರುವುದಿಲ್ಲ. ನನಗೂ ಬಂದಿರಲಿಲ್ಲ, ನಡೆಯುವುದೆಂದರೆ ತೊಡೆಯ ಕೆಲಸ ಎಂದೇ ನಾನು ತಿಳಿದಿದ್ದೆ.

ಮಂಡಿಯ ಕೆಳಗೆ ಕಾಲು ತೆಗೆದಾಗ ಪಾದದ ಜೊತೆಗೆ ಆ ಒದೆತವೂ ಹೋಗುತ್ತದೆ. ಮೀನಖಂಡದ ಮೇಲಿನ ತುಂಡು ಉಳಿದಿರುತ್ತದೆ, ಆದರೆ ಅದು ಎಳೆಯಲು ಹಿಮ್ಮಡಿಯೇ ಇರುವುದಿಲ್ಲ. ಇನ್ನು ಕೃತಕ ಪಾದ ಇದರಲ್ಲಿ ಎಷ್ಟನ್ನು ಮರಳಿ ಕೊಡುತ್ತದೆ ಎಂಬುದನ್ನು ನೋಡೋಣ. 1950ರ ದಶಕದಲ್ಲಿ ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ, ಇಂದಿಗೂ ಜಗತ್ತಿನ ಬಹಳಷ್ಟು ಕಡೆ ಬಳಕೆಯಲ್ಲಿರುವ ‘ಸ್ಯಾಚ್’ ಪಾದದಲ್ಲಿ ಕೀಲು ಎಂಬುದೇ ಇಲ್ಲ. ಒಳಗೆ ಮರದ್ದೋ ಪ್ಲಾಸ್ಟಿಕ್ಕಿನದೋ ಗಟ್ಟಿ ದಿಂಡು, ಹಿಂದೆ ಹಿಮ್ಮಡಿಯ ಜಾಗದಲ್ಲಿ ಅದುಮಿದರೆ ತಗ್ಗುವ ಮೆತ್ತೆ, ಸುತ್ತ ರಬ್ಬರಿನ ಹೊದಿಕೆ. ಹಿಮ್ಮಡಿ ನೆಲಕ್ಕೆ ತಾಗಿದಾಗ ಆ ಮೆತ್ತೆ ಕುಗ್ಗುವುದರಿಂದ ಅಂಗಾಲು ಇಳಿದು ಕೂತಂತೆ ಆಗುತ್ತದೆ. ಇಲ್ಲದ ಕೀಲಿನ ಕೆಲಸವನ್ನು ಒಂದು ತುಂಡು ಸ್ಪಂಜಿನಿಂದ ಮಾಡಿಸಿದ ಆ ಜಾಣ್ಮೆಗೆ ನಾನು ಇಂದಿಗೂ ತಲೆದೂಗುತ್ತೇನೆ. ಆದರೆ ಹೆಜ್ಜೆಯ ಕೊನೆಯಲ್ಲಿ, ಒಳಗಿನ ದಿಂಡು ಮುಗಿಯುವ ಕಡೆ ದೇಹದ ಭಾರ ಬಂದಾಗ, ಅಂಚಿನಿಂದ ಕಾಲು ಜಾರಿದಂತೆ ಮುಂದಕ್ಕೆ ಕುಸಿದ ಹಾಗಾಗುತ್ತದೆ. ಒದೆಯಬೇಕಾದ ಗಳಿಗೆಯಲ್ಲಿ ಬೀಳುವುದು.

ನಮ್ಮ ದೇಶದ ಜೈಪುರ ಪಾದದ ಕಥೆ ಇನ್ನೊಂದು ಬಗೆಯದು. 1960ರ ದಶಕದ ಕೊನೆಯಲ್ಲಿ ಜೈಪುರದ ಸವಾಯಿ ಮಾನ್ ಸಿಂಗ್ ಆಸ್ಪತ್ರೆಯಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮ ಮತ್ತು ಮೂಳೆ ಶಸ್ತ್ರವೈದ್ಯ ಡಾ. ಪಿ.ಕೆ. ಸೇಠಿ ಕೂಡಿ ರೂಪಿಸಿದ ಈ ಪಾದದಲ್ಲಿ ಹಿಂದೆ ಮತ್ತು ಮುಂದೆ ಸ್ಪಂಜು ರಬ್ಬರಿನ ತುಂಡುಗಳು, ನಡುವೆ ಮರ, ಹೊರಗೆ ನಿಜವಾದ ಪಾದದ ಆಕಾರಕ್ಕೆ ಬೇಯಿಸಿ ಗಟ್ಟಿ ಮಾಡಿದ ರಬ್ಬರು. ಬೂಟಿಲ್ಲದೆ ನಡೆಯಬಹುದು, ಕುಕ್ಕರಗಾಲಿನಲ್ಲಿ ಕೂರಬಹುದು, ಹಳ್ಳತಿಟ್ಟಿನಲ್ಲಿ ಪಾದ ಅಕ್ಕಪಕ್ಕಕ್ಕೆ ಬಾಗುತ್ತದೆ. 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ವೈದ್ಯರಿಗೆ ಬಂತು; ಕುಶಲಕರ್ಮಿಯ ಹೆಸರನ್ನು ನೆನೆಯುವವರು ಕಡಿಮೆ ಎಂಬುದನ್ನು ಇಲ್ಲಿ ಹೇಳದೆ ಮುಂದಕ್ಕೆ ಹೋಗಲು ಮನಸ್ಸಾಗುವುದಿಲ್ಲ.

ಮೂರನೆಯದು ಕಾರ್ಬನ್ ಫೈಬರಿನ ಪಾದ. ಯೌವನದಲ್ಲಿ ಮಂಡಿಯ ಕೆಳಗೆ ಕಾಲು ಕಳೆದುಕೊಂಡಿದ್ದ ಅಮೆರಿಕದ ವ್ಯಾನ್ ಫಿಲಿಪ್ಸ್ 1980ರ ದಶಕದಲ್ಲಿ ತಂದ ಈ ಪಾದ ಒಂದು ಬಾಗಿದ ಪಟ್ಟಿ. ಭಾರ ಬಿದ್ದಾಗ ಬಾಗುತ್ತದೆ, ಭಾರ ಮುಂದಕ್ಕೆ ಸರಿದಾಗ ನೆಟ್ಟಗಾಗಿ ತಳ್ಳುತ್ತದೆ. ಪತ್ರಿಕೆಗಳು ಇದನ್ನು ‘ಶಕ್ತಿ ಮರಳಿಸುವ ಪಾದ’ ಎಂದು ಬರೆಯುತ್ತವೆ. ಮರಳಿಸುವುದು ಹೌದು, ಆದರೆ ಎಷ್ಟು? ನಾವು ಅದರಲ್ಲಿ ಇಟ್ಟದ್ದಕ್ಕಿಂತ ಸ್ವಲ್ಪ ಕಡಿಮೆ. ಇದು ಬಡ್ಡಿ ಕೊಡದ, ಅಸಲಿನಲ್ಲೇ ತುಸು ಮುರಿದುಕೊಳ್ಳುವ ಠೇವಣಿ. ಜೀವಂತ ಮೀನಖಂಡವಾದರೋ ಪ್ರತಿ ಹೆಜ್ಜೆಯಲ್ಲೂ ತನ್ನ ಕಡೆಯಿಂದ ಹೊಸ ಶಕ್ತಿಯನ್ನು ಸೇರಿಸುತ್ತದೆ.

ಆ ಕೊರತೆಯನ್ನು ಯಾರಾದರೂ ತುಂಬಲೇಬೇಕು. ನನ್ನಂಥವರಲ್ಲಿ ಅದನ್ನು ತುಂಬುವುದು ಸೊಂಟ. ಹಿಮ್ಮಡಿ ನೆಲಕ್ಕೆ ತಾಗಿದ ಕೂಡಲೇ ಪೃಷ್ಠದ ಮತ್ತು ತೊಡೆಯ ಹಿಂಬದಿಯ ಸ್ನಾಯುಗಳು ದೇಹವನ್ನು ಆ ಪಾದದ ಮೇಲಿನಿಂದ ಮುಂದಕ್ಕೆ ಎಳೆದು ದಾಟಿಸುತ್ತವೆ; ಪಾದ ನೆಲ ಬಿಡುವ ಹೊತ್ತಿಗೆ ತೊಡೆಯ ಮುಂಬದಿಯ ಬುಡದಲ್ಲಿರುವ ಸ್ನಾಯುಗಳು ಕಾಲನ್ನು ಮೇಲಕ್ಕೆ ಎತ್ತಿ ಬೀಸುತ್ತವೆ. ಹಿಂದಿನಿಂದ ತಳ್ಳಿಸಿಕೊಳ್ಳಬೇಕಾದ ಗಾಡಿಯನ್ನು ಮುಂದಿನಿಂದ ಎಳೆದಂತೆ ಇದು. ಹೊಸ ಪಾದ ತೊಟ್ಟ ಮೊದಲ ವಾರಗಳಲ್ಲಿ ನನಗೆ ಅತಿಯಾಗಿ ನೋಯುತ್ತಿದ್ದುದು ಗಾಯವಾದ ಜಾಗವಲ್ಲ, ತೊಡೆಸಂದಿನ ಮೇಲ್ಭಾಗ. ಅದೇಕೆ ಎಂದು ವಿವರಿಸಿ ಹೇಳಿದವರು ಆಗ ಯಾರೂ ಇರಲಿಲ್ಲ.

ಇದಕ್ಕೆ ತಗಲುವ ಖರ್ಚನ್ನು ಉಸಿರಾಟದ ಆಮ್ಲಜನಕದಲ್ಲಿ ಅಳೆದವರಿದ್ದಾರೆ. ಅಪಘಾತದಲ್ಲಿ ಮಂಡಿಯ ಕೆಳಗೆ ಒಂದು ಕಾಲು ಕಳೆದುಕೊಂಡ, ಉಳಿದಂತೆ ಆರೋಗ್ಯವಾಗಿರುವ ವ್ಯಕ್ತಿಗೆ ಅಷ್ಟೇ ದೂರ ನಡೆಯಲು ಸುಮಾರು ಶೇಕಡ 10ರಿಂದ 30ರಷ್ಟು ಹೆಚ್ಚು ಶಕ್ತಿ ಬೇಕಾಗುತ್ತದೆ ಎಂಬುದು ಸಾಮಾನ್ಯವಾಗಿ ಒಪ್ಪಿತವಾಗಿರುವ ಲೆಕ್ಕ. ಮಧುಮೇಹದಿಂದಲೋ ರಕ್ತನಾಳಗಳ ರೋಗದಿಂದಲೋ ಕಾಲು ಹೋದವರಿಗೆ ಇದು ಇನ್ನೂ ಹೆಚ್ಚು. ಮಂಡಿಯೂ ಹೋದವರ ಪಾಡು ಇದಕ್ಕಿಂತ ಬಹಳ ಕಷ್ಟದ್ದು. ಇಲ್ಲಿ ಕುತೂಹಲದ ಸಂಗತಿಯೊಂದಿದೆ: ತಮ್ಮ ಪಾಡಿಗೆ ನಡೆಯಲು ಬಿಟ್ಟರೆ ಇವರು ನಿಮಿಷಕ್ಕೆ ಬಳಸುವ ಆಮ್ಲಜನಕ ಉಳಿದವರಷ್ಟೇ ಇರುತ್ತದೆ, ಯಾಕೆಂದರೆ ದೇಹ ತಾನಾಗಿಯೇ ವೇಗವನ್ನು ತಗ್ಗಿಸಿಕೊಂಡಿರುತ್ತದೆ. ನಿಧಾನವಾಗಿ ನಡೆಯುವ ಅಂಗವಿಕಲರನ್ನು ‘ಸ್ವಲ್ಪ ಬೇಗ ಬನ್ನಿ’ ಎಂದು ಕರೆಯುವವರು ಆ ಲೆಕ್ಕವನ್ನು ಕೆಡಿಸುತ್ತಿರುತ್ತಾರೆ.

ನಾನು ವೃತ್ತಿಯಿಂದ ಭೂಮಾಪಕ. ಸರಪಳಿ ಹಿಡಿಯುವ ಮೊದಲು ಹೆಜ್ಜೆ ಹಾಕಿ ದೂರವನ್ನು ಅಂದಾಜು ಮಾಡುವುದು ನಮ್ಮ ಹಳೆಯ ಅಭ್ಯಾಸ. ಕಾಲು ಹೋದ ಮೇಲೆ ಒಂದು ದಿನ ಒದ್ದೆ ನೆಲದ ಮೇಲೆ ನನ್ನದೇ ಹೆಜ್ಜೆಗುರುತುಗಳನ್ನು ಟೇಪಿನಿಂದ ಅಳೆದೆ. ಕೃತಕ ಕಾಲಿನ ಹೆಜ್ಜೆ ಗಿಡ್ಡವಾಗಿರುತ್ತದೆ ಎಂದುಕೊಂಡಿದ್ದೆ. ಅದೇ ಉದ್ದವಾಗಿತ್ತು, ಗಟ್ಟಿ ಕಾಲಿನ ಹೆಜ್ಜೆ ಗಿಡ್ಡವಾಗಿತ್ತು. ಸ್ವಲ್ಪ ಯೋಚಿಸಿದ ಮೇಲೆ ಅರ್ಥವಾಯಿತು. ಕೃತಕ ಪಾದವನ್ನು ಮುಂದಿಡುವಾಗ ನಾನು ನಂಬಿಕೆಯ ಬಲಗಾಲಿನ ಮೇಲೆ ನಿಂತಿರುತ್ತೇನೆ, ಅವಸರವಿಲ್ಲ. ಬಲಗಾಲನ್ನು ಮುಂದಿಡುವಾಗ ನಿಂತಿರುವುದು ಕೃತಕ ಪಾದದ ಮೇಲೆ, ಅದರಲ್ಲಿ ಒದೆತವಿಲ್ಲ, ತುದಿಯಲ್ಲಿ ಆಧಾರವಿಲ್ಲ. ಹಾಗಾಗಿ ಬಲಗಾಲು ಹೇಗೋ ಬೇಗ ನೆಲ ಮುಟ್ಟಿಬಿಡುತ್ತದೆ. ನಡಿಗೆಯನ್ನು ಅಧ್ಯಯನ ಮಾಡಿದವರು ಇದನ್ನು ಬಹಳ ಹಿಂದೆಯೇ ಬರೆದಿಟ್ಟಿದ್ದಾರೆ ಎಂಬುದು ನನಗೆ ಆಮೇಲೆ ತಿಳಿಯಿತು. ಜನ ‘ಕುಂಟು’ ಎಂದು ನೋಡುವುದು ಈ ಉದ್ದ–ಗಿಡ್ಡದ ತಾಳವನ್ನು.

ಆ ಅವಸರದ ಬೆಲೆಯನ್ನು ಕೊಡುವುದು ಗಟ್ಟಿ ಕಾಲು. ಹಿಂದಿನ ಪಾದ ಒದೆಯದಿದ್ದಾಗ ದೇಹ ಮುಂದಿನ ಕಾಲಿನ ಮೇಲೆ ಹೆಚ್ಚು ರಭಸದಿಂದ ಬೀಳುತ್ತದೆ. ಪ್ರತಿ ಹೆಜ್ಜೆಗೂ ಅಷ್ಟಿಷ್ಟು ಹೆಚ್ಚುವರಿ ಪೆಟ್ಟು ತಿನ್ನುತ್ತ ಹೋಗುವ ಆ ಮಂಡಿಯಲ್ಲಿ ಸವೆತ ಮತ್ತು ಸಂಧಿವಾತ ಉಳಿದವರಿಗಿಂತ ಹೆಚ್ಚಾಗಿ ಕಾಣಿಸಿಕೊಳ್ಳುತ್ತವೆ. ಸೊಂಟನೋವು ಸಹ ಹಾಗೆಯೇ. ನನ್ನ ಬಲಮಂಡಿ ಈಗಾಗಲೇ ಸದ್ದು ಮಾಡತೊಡಗಿದೆ.

ಇಷ್ಟೆಲ್ಲ ಬರೆದರೂ ಕೃತಕ ಕಾಲಿನ ಅತಿ ಮುಖ್ಯವಾದ ಭಾಗ ಪಾದ ಎಂದು ನಾನು ಹೇಳುವುದಿಲ್ಲ. ಅದು ಸಾಕೆಟ್, ಎಂದರೆ ಉಳಿದಿರುವ ಮೊಂಡುಗಾಲು ಒಳಗೆ ಕೂರುವ ಬಟ್ಟಲು. ಮೊಂಡುಗಾಲಿನ ತುದಿ ಭಾರ ಹೊರುವ ಜಾಗವಲ್ಲ. ಮಂಡಿಚಿಪ್ಪಿನ ಕೆಳಗಿರುವ ಗಟ್ಟಿಯಾದ ಸ್ನಾಯುಪಟ್ಟಿ ಮತ್ತು ಸುತ್ತಲಿನ ಮಾಂಸಲ ಭಾಗಗಳ ಮೇಲೆ ಭಾರವನ್ನು ಹಂಚಬೇಕು. ಬೆಳಗಿನಿಂದ ಸಂಜೆಯವರೆಗೆ ಮೊಂಡುಗಾಲಿನ ಗಾತ್ರ ಒಂದೇ ಸಮನಾಗಿರುವುದಿಲ್ಲ, ನಡೆದಂತೆಲ್ಲ ಕುಗ್ಗುತ್ತದೆ. ಬೆಳಗ್ಗೆ ಒಂದು ಕಾಲುಚೀಲದಲ್ಲಿ ಬಿಗಿಯಾಗಿ ಕೂತದ್ದು ಮಧ್ಯಾಹ್ನಕ್ಕೆ ಎರಡು ಬೇಡುತ್ತದೆ, ಸಂಜೆಗೆ ಮೂರು. ಹಾಕಿಕೊಳ್ಳಲು ಬಿಡುವಾಗದಿದ್ದರೆ ಹೆಜ್ಜೆ ಎತ್ತಿದಾಗ ಸಾಕೆಟ್ ತುಸು ಕೆಳಕ್ಕೆ ಜಾರುತ್ತದೆ, ಅಷ್ಟರ ಮಟ್ಟಿಗೆ ಕಾಲು ಉದ್ದವಾಗುತ್ತದೆ, ಬೂಟಿನ ತುದಿ ನೆಲಕ್ಕೆ ಉಜ್ಜುತ್ತದೆ. ಕೃತಕ ಕಾಲಿನವರು ಸಭೆಯ ನಡುವೆ ಎದ್ದು ಹೋಗಿ ಐದು ನಿಮಿಷ ಬಿಟ್ಟು ಬಂದರೆ ಬಹುಪಾಲು ಕಾರಣ ಈ ಕಾಲುಚೀಲವೇ.

ಎರಡನೆಯ ಮುಖ್ಯ ಸಂಗತಿ ಜೋಡಣೆ, ಎಂದರೆ ಸಾಕೆಟ್ಟಿನ ಕೆಳಗೆ ಪಾದವನ್ನು ಯಾವ ಕೋನದಲ್ಲಿ ಕೂರಿಸಿದ್ದಾರೆ ಎಂಬುದು. ನನ್ನ ಮೊದಲ ಕಾಲನ್ನು ಕೊಟ್ಟವರು (ಯಾರೆಂದು ಹೇಳುವುದು ಈ ಪತ್ರದ ಉದ್ದೇಶವಲ್ಲ) ಬೆಳಗ್ಗೆ ಅಳತೆ ತೆಗೆದು, ಕೆಲವು ದಿನಗಳ ನಂತರ ಒಂದೇ ಭೇಟಿಯಲ್ಲಿ ಕಾಲು ತೊಡಿಸಿ, ಕೋಣೆಯ ಉದ್ದಕ್ಕೆ ಎರಡು ಸಲ ನಡೆಸಿ, ಫೋಟೊ ತೆಗೆದು ಕಳಿಸಿದರು. ಸಮತಟ್ಟಾದ ನೆಲದ ಮೇಲೂ ನನಗೆ ಸದಾ ದಿಬ್ಬ ಹತ್ತುತ್ತಿರುವಂತೆ ಅನ್ನಿಸುತ್ತಿತ್ತು. ಪ್ರತಿ ಹೆಜ್ಜೆಗೂ ಮಂಡಿ ಹಿಂದಕ್ಕೆ ತಳ್ಳಿದಂತಾಗಿ ಮಂಡಿಯ ಹಿಂಭಾಗ ನೋಯುತ್ತಿತ್ತು. ‘ರೂಢಿಯಾಗುತ್ತದೆ’ ಎಂದರು. ನಾಲ್ಕು ತಿಂಗಳು ರೂಢಿ ಮಾಡಿಕೊಂಡೆ. ಕೊನೆಗೆ ಬೇರೊಬ್ಬ ತಂತ್ರಜ್ಞರು ನನ್ನನ್ನು ಪಕ್ಕದಿಂದ ಐದು ನಿಮಿಷ ಸುಮ್ಮನೆ ನೋಡಿ, ನೆಲದ ಮೇಲೆ ಕುಳಿತು, ಪಾದದ ಮೇಲಿರುವ ನಾಲ್ಕು ಸಣ್ಣ ತಿರುಪುಗಳಲ್ಲಿ ಒಂದನ್ನು ಅಲೆನ್ ಕೀಲಿಯಿಂದ ಸಡಿಲಿಸಿ ಎದುರಿನದನ್ನು ಬಿಗಿ ಮಾಡಿದರು. ಪಾದದ ತುದಿ ಕಣ್ಣಿಗೆ ಕಾಣದಷ್ಟು ಮೇಲಕ್ಕೆದ್ದಿತು. ಎದ್ದು ನಡೆದರೆ ದಿಬ್ಬ ಇರಲಿಲ್ಲ. ನಾಲ್ಕು ತಿಂಗಳ ನೋವು ಅರ್ಧ ಸುತ್ತಿನ ತಿರುಪಿನಲ್ಲಿತ್ತು.

ಪಾದ ಎಂಥದ್ದು ಎಂಬುದಕ್ಕಿಂತ ಅದು ನೆಲದ ಮೇಲೆ ಹೇಗೆ ಉರುಳುತ್ತದೆ ಎಂಬುದೇ ಮುಖ್ಯ ಎಂಬುದನ್ನು ಚಿಕಾಗೋದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಡಡ್ಲಿ ಚಿಲ್ಡ್ರೆಸ್ ಮತ್ತು ಆಂಡ್ರೂ ಹ್ಯಾನ್ಸೆನ್ ತಮ್ಮ ಅಧ್ಯಯನಗಳಲ್ಲಿ ತೋರಿಸಿದ್ದಾರೆ. ಪಾದದ ಕೀಲು, ಅಂಗಾಲು, ಬೂಟು ಎಲ್ಲವೂ ಸೇರಿ, ನಡೆಯುವಾಗ ದೇಹದ ಕೆಳಗೆ ಒಂದು ಚಕ್ರದ ಚೂರಿನಂತೆ ಉರುಳುತ್ತವೆ. ಸಹಜ ಪಾದ ವೇಗ ಬದಲಾದರೂ, ಬೂಟಿನ ಹಿಮ್ಮಡಿ ಎತ್ತರವಾದರೂ, ಆ ಚೂರಿನ ಆಕಾರವನ್ನು ಬಹುಮಟ್ಟಿಗೆ ಹಾಗೆಯೇ ಕಾಯ್ದುಕೊಳ್ಳುತ್ತದೆ. ಕೃತಕ ಪಾದಕ್ಕೆ ಆ ವಿವೇಕವಿಲ್ಲ. ಅದನ್ನು ಯಾವ ಬೂಟಿಗೆ ಹೊಂದಿಸಿದ್ದಾರೋ ಆ ಬೂಟಿಗೆ ಮಾತ್ರ ಅದು ಸರಿ. ಹಿಮ್ಮಡಿ ಒಂದು ಬೆರಳು ಎತ್ತರವಿರುವ ಹೊಸ ಬೂಟು ತೊಟ್ಟರೆ ಮಂಡಿ ಮುಂದಕ್ಕೆ ಮಡಿಚಿಕೊಳ್ಳುತ್ತದೆ. ಬೂಟು ಬಿಟ್ಟು ನಿಂತರೆ ದೇಹ ಹಿಂದಕ್ಕೆ ವಾಲುತ್ತದೆ. ಬೂಟಿನ ಅಂಗಡಿಯಲ್ಲಿ ನಾನು ಮೊದಲು ನೋಡುವುದು ಬೂಟಿನ ಅಂದವನ್ನಲ್ಲ, ಜೇಬಿನಲ್ಲಿರುವ ಅಳತೆಪಟ್ಟಿ ಹಿಡಿದು ಹಿಮ್ಮಡಿಯ ಎತ್ತರವನ್ನು.

ಇಳಿಜಾರು ಮತ್ತು ಮೆಟ್ಟಿಲುಗಳಲ್ಲಿ ಕೀಲಿಲ್ಲದ ಪಾದದ ಗುಟ್ಟೆಲ್ಲ ಹೊರಬೀಳುತ್ತದೆ. ಇಳಿಯುವಾಗ ಅಂಗಾಲು ಕೆಳಕ್ಕೆ ಬಾಗದ ಕಾರಣ ಮಂಡಿ ಮುಂದಕ್ಕೆ ನೂಕಲ್ಪಡುತ್ತದೆ, ಹತ್ತುವಾಗ ಮೇಲಕ್ಕೆ ಬಾಗದ ಕಾರಣ ಹಿಂದಕ್ಕೆ. ಹಿಂದೆ ನೆಲದ ಏರಿಳಿತವನ್ನು ಉಪಕರಣದಿಂದ ಅಳೆಯುತ್ತಿದ್ದವನು ಈಗ ಮಂಡಿಯಿಂದ ಅಳೆಯುತ್ತೇನೆ. ಕಣ್ಣಿಗೆ ಸಮತಟ್ಟೆಂದು ಕಾಣುವ ನೆಲ ಎಷ್ಟು ವಾಲಿದೆ ಎಂಬುದು ಮೂರನೆಯ ಹೆಜ್ಜೆಗೇ ತಿಳಿದುಹೋಗುತ್ತದೆ. ಮೆಟ್ಟಿಲಿಳಿಯುವಾಗ ಇಡೀ ಪಾದವನ್ನು ಮೆಟ್ಟಿಲಿನ ಮೇಲೆ ಇಡುವುದು ತಪ್ಪು ಎಂದರೆ ಕೇಳುವವರಿಗೆ ವಿಚಿತ್ರವೆನಿಸುತ್ತದೆ. ಹಿಮ್ಮಡಿ ಮಾತ್ರ ಮೆಟ್ಟಿಲಿನ ಮೇಲಿದ್ದು ಪಾದದ ಮುಂಭಾಗ ಅಂಚಿನಿಂದ ಆಚೆಗೆ ಚಾಚಿಕೊಂಡಿರಬೇಕು. ಆಗ ಅಂಚೇ ಕೀಲಿನ ಕೆಲಸ ಮಾಡಿ ಪಾದ ಅದರ ಮೇಲೆ ಉರುಳುತ್ತದೆ. ಕೈಗೆ ಕಂಬಿ ಇರಬೇಕು. ಇಳಿಯುವಾಗ ಸಹಾಯಕ್ಕೆಂದು ಯಾರಾದರೂ ತೋಳನ್ನು ಗಟ್ಟಿಯಾಗಿ ಹಿಡಿದರೆ ಈ ಲೆಕ್ಕಾಚಾರವೆಲ್ಲ ತಪ್ಪುತ್ತದೆ. ಹಿಡಿಯುವವರು ಒಂದು ಮಾತು ಕೇಳಿ ಹಿಡಿದರೆ ಉಪಕಾರ.

ಇನ್ನು ಸ್ಪರ್ಶದ ವಿಷಯ. ಕೃತಕ ಪಾದ ಏನನ್ನು ಮೆಟ್ಟಿತು ಎಂಬುದನ್ನು ತಾನಾಗಿ ಹೇಳುವುದಿಲ್ಲ. ಸಾಕೆಟ್ಟಿನೊಳಗೆ ಒತ್ತಡ ಎಲ್ಲಿ ಹೆಚ್ಚಿತು, ಎಲ್ಲಿ ಕಡಿಮೆಯಾಯಿತು ಎಂಬುದರಿಂದ ಕಲ್ಲೋ ಮಣ್ಣೋ ಎಂದು ಊಹಿಸಿಕೊಳ್ಳಬೇಕು. ವರ್ಷಗಳು ಕಳೆದಂತೆ ಈ ಊಹೆ ಚುರುಕಾಗುತ್ತದೆ ನಿಜ, ಆದರೂ ಕತ್ತಲೆಯಲ್ಲಿ ನನ್ನ ನಡಿಗೆ ಅರ್ಧಕ್ಕಿಳಿಯುತ್ತದೆ, ಯಾಕೆಂದರೆ ಕಾಲಿನ ಕೆಲಸದಲ್ಲಿ ಒಂದು ಪಾಲನ್ನು ಕಣ್ಣು ಮಾಡುತ್ತಿರುತ್ತದೆ. ಮಾತನಾಡುತ್ತ ಜೊತೆಯಲ್ಲಿ ನಡೆಯುವ ಗೆಳೆಯರು ನಾನು ಮುಖ ನೋಡದೆ ನೆಲ ನೋಡುತ್ತೇನೆ ಎಂದು ಆಕ್ಷೇಪಿಸುವುದುಂಟು.

ಓಟದ ಪಟ್ಟಿಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ಎರಡೂ ಕಾಲುಗಳು ಮಂಡಿಯ ಕೆಳಗೆ ಇಲ್ಲದ ದಕ್ಷಿಣ ಆಫ್ರಿಕಾದ ಓಟಗಾರ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಕಾರ್ಬನ್ ಪಟ್ಟಿಗಳ ಮೇಲೆ ಓಡಿದ್ದನ್ನು ಜಗತ್ತು ನೋಡಿತು. ಆ ಪಟ್ಟಿಗೆ ಹಿಮ್ಮಡಿಯೇ ಇಲ್ಲ; ಅದರ ಮೇಲೆ ಅಲುಗಾಡದೆ ನಿಲ್ಲುವುದು ಕಷ್ಟ. ಅದು ಓಡುವುದಕ್ಕಾಗಿ ಮಾಡಿದ್ದು, ಸರದಿಯ ಸಾಲಿನಲ್ಲಿ ನಿಲ್ಲುವುದಕ್ಕಲ್ಲ. ಕಳೆದುಹೋದ ಒದೆತವನ್ನು ನಿಜವಾಗಿ ಮರಳಿ ಕೊಡಲು ಹೊರಟಿರುವುದು ಬ್ಯಾಟರಿ ಮತ್ತು ಮೋಟಾರ್ ಇರುವ ಪಾದಗಳು. 1982ರಲ್ಲಿ ಪರ್ವತಾರೋಹಣದ ವೇಳೆ ಹಿಮಕ್ಕೆ ಸಿಕ್ಕಿ ಎರಡೂ ಕಾಲುಗಳನ್ನು ಕಳೆದುಕೊಂಡ ಹ್ಯೂ ಹರ್, ಅಮೆರಿಕದ ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ (ಎಂಐಟಿ) ಇಂಥ ಪಾದಗಳನ್ನು ರೂಪಿಸಿ ತಾವೇ ತೊಟ್ಟು ನಡೆಯುತ್ತಾರೆ. ಅವು ಭಾರವಾಗಿರುತ್ತವೆ, ದುಬಾರಿ, ಚಾರ್ಜ್ ಮಾಡಬೇಕು. ಬಹುಪಾಲು ಜನರ ಕೈಗೆ ಇನ್ನೂ ಬಂದಿಲ್ಲ. ಬರಲಿ ಎಂದು ನಾನೂ ಕಾಯುತ್ತಿದ್ದೇನೆ.

ಪತ್ರಿಕೆಯಲ್ಲಿ ನನ್ನ ಬೇಡಿಕೆ ಇಷ್ಟೇ. ಕೃತಕ ಕಾಲುಗಳ ವಿತರಣೆಯ ಸುದ್ದಿ ಬರೆಯುವಾಗ ಎಷ್ಟು ಕಾಲುಗಳನ್ನು ಕೊಟ್ಟರು ಎಂಬುದರ ಜೊತೆಗೆ, ತೊಡಿಸಿದ ಮೇಲೆ ಎಷ್ಟು ಸಲ ಮರಳಿ ಕರೆದು ಜೋಡಣೆ ನೋಡುತ್ತಾರೆ, ನಡಿಗೆಯ ತರಬೇತಿ ಎಷ್ಟು ದಿನ, ಸಾಕೆಟ್ ಸಡಿಲವಾದರೆ ಯಾರನ್ನು ಕೇಳಬೇಕು ಎಂಬುದನ್ನೂ ದಯವಿಟ್ಟು ಕೇಳಿ ಬರೆಯಿರಿ. ಒಂದು ವರ್ಷದ ನಂತರ ಅದೇ ಜನರನ್ನು ಮತ್ತೆ ಕಂಡು, ಆ ಕಾಲು ಕಾಲಿನಲ್ಲಿದೆಯೋ ಬಾಗಿಲ ಹಿಂದೆ ಒರಗಿದೆಯೋ ನೋಡಿದರೆ ಇನ್ನೂ ಒಳ್ಳೆಯದು. ಆ ಯುವಕನ ಚಿತ್ರವನ್ನು ನಾನು ಮತ್ತೊಮ್ಮೆ ನೋಡಿದೆ: ಅವನ ಮಂಡಿ ಸ್ವಲ್ಪ ಹಿಂದಕ್ಕೆ ಬಾಗಿರುವಂತೆ ಕಾಣುತ್ತದೆ. ಒಂದು ಚಿತ್ರದಿಂದ ಖಚಿತವಾಗಿ ಹೇಳಲಾಗದು. ನಿಮ್ಮ ವರದಿಗಾರರಿಗೆ ಆತನ ಸಂಪರ್ಕವಿದ್ದರೆ, ನಡೆಯುವಾಗ ದಿಬ್ಬ ಹತ್ತಿದಂತೆ ಆಗುತ್ತದೆಯೇ ಎಂದು ವಿಚಾರಿಸಲಿ. ಹೌದೆಂದರೆ, ಪಾದದ ಜೋಡಣೆಯನ್ನು ಇನ್ನೊಮ್ಮೆ ನೋಡಿಸಿಕೊಳ್ಳಲು ತಿಳಿಸಲಿ. ಅವನೂ ನಾಲ್ಕು ತಿಂಗಳು ಕಾಯುವುದು ಬೇಡ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ